ತಮ್ಮ ಜರ್ಮನಿಗೆ ಹೊರಟಿದ್ದಾನೆ: 30 ಕೆಜಿಯಲ್ಲಿ ಏನು ತುಂಬೋದು, ಏನು ಬಿಡೋದು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ತಮ್ಮನಿಗೆ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆ, ಚಳಿಗಾಲದ ಸೆಮಿಸ್ಟರ್. ಬೆಂಗಳೂರಿನಿಂದ ದುಬೈ ಮೇಲೆ ಫ್ರಾಂಕ್‌ಫರ್ಟ್, ಅಲ್ಲಿಂದ ರೈಲು. 2026ರ ಅಕ್ಟೋಬರ್ 2, ಶುಕ್ರವಾರ ಸಂಜೆ ಇಳಿಯುತ್ತಾನೆ. ಚೆಕ್-ಇನ್ 30 ಕೆಜಿ, ಕೈಚೀಲ 7 ಕೆಜಿ. ಹಾಸ್ಟೆಲ್ ರೂಮು ಖಾತ್ರಿಯಾಗಿದೆ.

ಅಮ್ಮ ಹಾಲ್‌ನಲ್ಲಿ ಜೋಡಿಸಿಟ್ಟಿರುವುದು ಇಷ್ಟು: 5 ಲೀಟರ್ ಕುಕ್ಕರ್, ಮಿಕ್ಸಿ, 2 ಕೆಜಿ ತುಪ್ಪ, ಮಾವಿನ ಉಪ್ಪಿನಕಾಯಿ, ಬಿಸಿಬೇಳೆಬಾತ್ ಪುಡಿ, ಸಾರಿನ ಪುಡಿ, ಒಣಕೊಬ್ಬರಿ, ಕರಿಬೇವು, 5 ಕೆಜಿ ಸೋನಾ ಮಸೂರಿ, ಉಣ್ಣೆ ರಗ್ಗು. ಬಟ್ಟೆಗೆ ಜಾಗವೇ ಇಲ್ಲ. ಯಾವುದನ್ನು ತೆಗೆಯೋದು ಹೇಳಿ.

ರಸಬಾಳೆ
ತುಪ್ಪ ಮೊದಲು ತೆಗೆಯಿರಿ. ಐರೋಪ್ಯ ಒಕ್ಕೂಟಕ್ಕೆ ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ತುಪ್ಪ, ಖೋವಾ, ಪೇಡ, ಪನೀರ್, ಹಾಲಿನ ಪುಡಿ ಎಲ್ಲ ಅದರಲ್ಲೇ ಬರುತ್ತವೆ. ಕಸ್ಟಮ್ಸ್‌ನಲ್ಲಿ ಸಿಕ್ಕಿದರೆ ಕಿತ್ತುಕೊಂಡು ನಾಶ ಮಾಡುತ್ತಾರೆ, ದಂಡವೂ ಬೀಳಬಹುದು. ಅಲ್ಲಿ ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಪ್ಯಾಕೆಟ್‌ನಲ್ಲಿ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಸಣ್ಣ ಉರಿಯಲ್ಲಿ ಕಾಯಿಸಿದರೆ ತುಪ್ಪ.

ಹಳೇಪೇಟೆ
ಕೊಬ್ಬರಿಯನ್ನೂ ತೆಗೆಯಿರಿ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತು ಅಂತ ವಿಮಾನಯಾನದ ಅಪಾಯಕಾರಿ ಪಟ್ಟಿಯಲ್ಲಿದೆ. ಎಕ್ಸ್‌ರೇಯಲ್ಲಿ ಕಂಡರೆ ಬ್ಯಾಗು ಬಿಚ್ಚಿಸುತ್ತಾರೆ, ಕೆಲವೊಮ್ಮೆ ಬೋರ್ಡಿಂಗ್ ಗೇಟಿನಿಂದ ವಾಪಸ್ ಕರೆಸುತ್ತಾರೆ.

ಕಡಲಕರೆ
ತೆಂಗಿನಕಾಯಿಗೆ ಯುರೋಪಿನಲ್ಲಿ ವಿನಾಯಿತಿ ಉಂಟಲ್ಲ ಮಾರಾಯ್ರೆ?

ಹಳೇಪೇಟೆ
ಅದು ಬೇರೆ ನಿಯಮ. ಹಸಿ ಹಣ್ಣು, ತರಕಾರಿ, ಎಲೆ ತರಬೇಕಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆ, ಅನಾನಸ್, ಖರ್ಜೂರ, ಡ್ಯೂರಿಯನ್ ಈ ಐದಕ್ಕೆ ಮಾತ್ರ ಬೇಡ. ಅದು ಯುರೋಪಿನ ಸಸ್ಯ ಕಾನೂನು. ಕೊಬ್ಬರಿಗೆ ತಡೆ ಇರುವುದು ವಿಮಾನ ಸುರಕ್ಷತೆಯ ಕಡೆಯಿಂದ. ಕಾಯಿ ಒಯ್ಯಬಹುದು ಅನ್ನೋದು ನಿಜ, ಆದರೆ ಅರ್ಧ ಕೆಜಿ ಮೀರಿದ ಕಾಯಿ ಹೊತ್ತು ಏನು ಮಾಡ್ತೀರಿ? ತುರಿದ ಒಣ ತೆಂಗು ಅಲ್ಲಿ ಬೇಕರಿ ಸಾಮಾನಿನ ಸಾಲಿನಲ್ಲೇ ಇರುತ್ತದೆ.

ಕರಿಬೇವಿಗೆ ವಿನಾಯಿತಿ ಇಲ್ಲ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಎಲೆಯ ಮೇಲೆ ಬದುಕುತ್ತದೆ, ಅದಕ್ಕೇ ಬಿಗಿ. ನೆರಳಲ್ಲಿ ಗರಿಗರಿ ಒಣಗಿಸಿ, ಹುರಿದು ಪುಡಿ ಮಾಡಿ ಕಳಿಸಿ.

ನೀಲಿಛತ್ರಿ
ಎಲ್ಲರೂ ಕಸ್ಟಮ್ಸ್ ಹಿಡಿದುಕೊಂಡಿದ್ದೀರಿ, ದಿನಾಂಕ ಯಾರೂ ನೋಡಿಲ್ಲ. ಅಕ್ಟೋಬರ್ 3 ಜರ್ಮನಿಯ ಏಕೀಕರಣ ದಿನ, ದೇಶಕ್ಕೆಲ್ಲ ರಜೆ, ಅಂಗಡಿ ಬಂದ್. 2026ರಲ್ಲಿ ಅದು ಶನಿವಾರ. ಮಾರನೇ ದಿನ ಭಾನುವಾರ, ಅವತ್ತು ಹೇಗೂ ಅಂಗಡಿ ಇಲ್ಲ. ಶುಕ್ರವಾರ ಸಂಜೆ ಇಳಿದವನಿಗೆ ಸೋಮವಾರದವರೆಗೆ ಅಕ್ಕಿಯೂ ಇಲ್ಲ, ಹೊದಿಕೆಯೂ ಇಲ್ಲ.

ಅದಕ್ಕಿಂತ ದೊಡ್ಡ ಸಮಸ್ಯೆ ಬೀಗದ ಕೈ. ವಿದ್ಯಾರ್ಥಿ ಹಾಸ್ಟೆಲ್‌ಗಳಲ್ಲಿ ಕೀ ಕೊಡುವುದು ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್. ಸಾಮಾನ್ಯವಾಗಿ ವಾರದ ದಿನ, ಕಚೇರಿ ವೇಳೆಯಲ್ಲಿ ಮಾತ್ರ. ಫ್ರಾಂಕ್‌ಫರ್ಟ್‌ನಲ್ಲಿ ಸಂಜೆ ಇಳಿದವನು ಕೆಮ್ನಿಟ್ಸ್ ತಲುಪುವಾಗ ಮಧ್ಯರಾತ್ರಿ. ಬಾಡಿಗೆ ಒಪ್ಪಂದ ಕೈಯಲ್ಲಿದ್ದರೂ ಬಾಗಿಲು ತೆರೆಯೋದಿಲ್ಲ. ಇವತ್ತೇ ಹಾಸ್ಟೆಲ್‌ಗೆ ಮೇಲ್ ಹಾಕಿ ಕೀ ಯಾರು, ಯಾವಾಗ ಕೊಡುತ್ತಾರೆ ಕೇಳಿ. ಸಾಧ್ಯವಾದರೆ ಟಿಕೆಟ್ ಬುಧವಾರಕ್ಕೆ ಹಿಂದಕ್ಕೆ ತನ್ನಿ.

ತುಂಗಾತೀರ
ಅಯ್ಯೋ, ಇದು ನಮಗೆ ಹೊಳೆದೇ ಇರಲಿಲ್ಲ. ಈಗಲೇ ಮೇಲ್ ಹಾಕಿಸುತ್ತೇನೆ. ತುಂಬಾ ಥ್ಯಾಂಕ್ಸ್ ಸರ್.

ರಾಗಿಕಣ
ಇನ್ನೊಂದು ಮಾತು. 30 ಕೆಜಿ ಅಂತ ವಿಮಾನದವರು ಹೇಳಿದ್ದು. ಆದರೆ ಹೊರುವವನು ಅವನೊಬ್ಬನೇ. ವಿಮಾನ ನಿಲ್ದಾಣದಿಂದ ರೈಲು, ಲೈಪ್‌ಜಿಗ್‌ನಲ್ಲಿ ಇಳಿದು ಕೆಮ್ನಿಟ್ಸ್ ಕಡೆಯ ಪ್ರಾದೇಶಿಕ ರೈಲು, ಆಮೇಲೆ ಟ್ರಾಮ್ ಅಥವಾ ಬಸ್ಸು. ಪೋರ್ಟರ್ ಇರಲ್ಲ. ಲಿಫ್ಟ್ ಕೆಟ್ಟಿದ್ದರೆ ಪ್ಲಾಟ್‌ಫಾರಂ ಮೆಟ್ಟಿಲು ಹತ್ತಬೇಕು. ಒಂದೇ 28 ಇಂಚಿನ ಸೂಟ್‌ಕೇಸಿಗೆ 30 ಕೆಜಿ ತುಂಬಿದರೆ ರೈಲಿನ ಬಾಗಿಲಿಗೆ ಎತ್ತುವಾಗ ಹಿಡಿಕೆ ಕಿತ್ತು ಬರುತ್ತದೆ.

ನನ್ನ ಲೆಕ್ಕ: ಚಕ್ರದ ಸೂಟ್‌ಕೇಸ್ 20 ಕೆಜಿ, ಸೂಟ್‌ಕೇಸಿನ ಮೇಲೆ ಸಿಕ್ಕಿಸಬಹುದಾದ ಬಟ್ಟೆಯ ಡಫಲ್ 9 ಕೆಜಿ, ಬೆನ್ನಿಗೆ ಬ್ಯಾಕ್‌ಪ್ಯಾಕ್. ಎರಡು ಗಟ್ಟಿ ಸೂಟ್‌ಕೇಸ್ ಬೇಡ. ಖಾಲಿ ಸೂಟ್‌ಕೇಸೇ ತಲಾ 4 ಕೆಜಿ ತಿನ್ನುತ್ತದೆ, 30ರಲ್ಲಿ 8 ಅಲ್ಲೇ ಹೋಯಿತು. ಡಫಲ್ ಒಂದು ಕೆಜಿಯೂ ಇರಲ್ಲ.

ರೈಲಿನ ಟಿಕೆಟ್ ಬಗ್ಗೆ: ಅಗ್ಗದ ಟಿಕೆಟ್ ನಿರ್ದಿಷ್ಟ ರೈಲಿಗೆ ಕಟ್ಟಿಹಾಕಿರುತ್ತದೆ. ವಿಮಾನ ತಡವಾಗಿ ಆ ರೈಲು ತಪ್ಪಿದರೆ ದುಡ್ಡು ಹೋಯಿತು. ಅವತ್ತಿನ ಯಾವ ರೈಲಿಗಾದರೂ ಹತ್ತಬಹುದಾದ ಫ್ಲೆಕ್ಸ್ ದರದ್ದು ತೆಗೆದುಕೊಳ್ಳಲಿ.

ಕುಂದಾನಗರಿ
ರಾಗಿಕಣ ಅವ್ರು ಹೇಳಿದ್ದು ಖರೇ ಐತಿ. ಆದ್ರ ಊಟದ ಸಾಮಾನು ಪೂರಾ ಬ್ಯಾಡ ಅನಬ್ಯಾಡ್ರಿ. ಖಡಕ್ ಜ್ವಾಳದ ರೊಟ್ಟಿ ಕಳಸ್ರಿ. ಹಾಲಿಲ್ಲ, ತುಪ್ಪಿಲ್ಲ, ನೀರಿನ ಅಂಶನೂ ಇಲ್ಲ, ತಿಂಗಳಾನುಗಟ್ಟಲೆ ಕೆಡೂದಿಲ್ಲ. ದುಂಡನ ಸ್ಟೀಲ್ ಡಬ್ಬಿ ಬ್ಯಾಡ, ವಜ್ಜಿ ಆಗ್ತದ. ಕೇಕಿನ ರಟ್ಟಿನ ಡಬ್ಬಿಯೊಳಗ ಅರಬಿ ಸುತ್ತಿ ಒತ್ತಾಗಿ ಇಟ್ರ ಮುರಿಯೂದು ಕಡಿಮಿ. ಮುರದ್ರೂ ಮೊಸರಿನ್ಯಾಗ ಮುರಕೊಂಡು ಉಣ್ಣಾಕ ಛಲೋನೇ ಆಗ್ತದ.

ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ತಲಾ ಪಾವ್ ಕಿಲೋ ಸಾಕು. ಎಣ್ಣಿ ಬಿಡೋ ಕಾಳು ಅವು, ಹೊರಗ ಇಟ್ರ ಎರಡು ತಿಂಗಳಿಗೆ ಕಮಟು ವಾಸನಿ ಹಿಡಿತದ. ಅಲ್ಲಿ ಹೋದ ಕೂಡ್ಲೆ ಫ್ರೀಜರಿಗೆ ಹಾಕಾಕ ಹೇಳ್ರಿ.

ರಸಬಾಳೆ
ಪುಡಿಗಳ ಬಗ್ಗೆ ಅಮ್ಮನಿಗೆ ಹೇಳಬೇಕಾದ್ದು ಎರಡು. ಬಿಸಿಬೇಳೆಬಾತ್ ಪುಡಿಗೆ ಕೊಬ್ಬರಿ ಹಾಕಿ ರುಬ್ಬಿದರೆ ಅದೂ ಬೇಗ ಕಮಟುತ್ತದೆ. ಕೊಬ್ಬರಿ ಬಿಟ್ಟು ಪುಡಿ ಮಾಡಿ, ಅಲ್ಲಿ ಅಡುಗೆ ಮಾಡುವಾಗ ತೆಂಗಿನ ತುರಿ ಹುರಿದು ಸೇರಿಸಿಕೊಳ್ಳಲಿ.

ಎರಡನೆಯದು ಗಸಗಸೆ. ದುಬೈ ಮೇಲೆ ಹೋಗುತ್ತಿದ್ದಾನೆ. ಯುಎಇಯಲ್ಲಿ ಗಸಗಸೆ ನಿಷಿದ್ಧ, ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ. ನಮ್ಮ ಮನೆಗಳ ಬಿಸಿಬೇಳೆಬಾತ್ ಪುಡಿಯಲ್ಲಿ, ಸಾಗು ಮಸಾಲೆಯಲ್ಲಿ ಗಸಗಸೆ ಇರುವುದೇ ರೂಢಿ. ಬಿಡಿಯಾಗಿ ಪೊಟ್ಟಣ ಅಂತೂ ಇಡಲೇಬೇಡಿ.

ಸಾಲುಮರ
ಬ್ಯಾಗು ದುಬೈಯಲ್ಲಿ ಹೊರಗೇ ಬರಲ್ಲ, ನೇರ ಫ್ರಾಂಕ್‌ಫರ್ಟ್‌ಗೆ ಟ್ಯಾಗ್ ಆಗಿರುತ್ತೆ. ಸುಮ್ಮನೆ ಹೆದರಿಸ್ತೀರಿ.

ರಸಬಾಳೆ
ಟ್ಯಾಗ್ ಆಗಿದ್ದರೂ ಮಧ್ಯೆ ಸ್ಕ್ಯಾನ್ ಆಗಬಹುದು. ಮುಂದಿನ ವಿಮಾನ ತಪ್ಪಿ ಹೊರಗೆ ಬರಬೇಕಾಗಿ ಬಂದರೆ? ಎರಡು ಚಮಚ ಗಸಗಸೆಗಾಗಿ ಓದಲು ಹೊರಟ ಹುಡುಗ ಪೊಲೀಸರಿಗೆ ಉತ್ತರ ಕೊಡುತ್ತ ನಿಲ್ಲೋದು ಬೇಡ ಅಂತ ಹೇಳುತ್ತಿದ್ದೇನೆ. ಜರ್ಮನಿಯಲ್ಲಿ ಕೇಕು, ಬನ್ನಿಗೆ ಹಾಕುವ ನೀಲಿ ಗಸಗಸೆ ಎಲ್ಲ ಸೂಪರ್‌ಮಾರ್ಕೆಟ್‌ನಲ್ಲೂ ಇದೆ. ಬೇಕಿದ್ದರೆ ಅಲ್ಲೇ ಕೊಳ್ಳಲಿ.

ಸಾಲುಮರ
ಸರಿ, ಅದು ಒಪ್ಪಬೇಕಾದ ಮಾತು.

ತುಂಗಾತೀರ
ಪುಡಿ ಎಷ್ಟು ಕಳಿಸೋದು? ಹೇಗೆ ಕಟ್ಟೋದು?

ರಸಬಾಳೆ
ಒಬ್ಬನಿಗೆ ಒಂದು ಸೆಮಿಸ್ಟರ್‌ಗೆ: ಸಾರಿನ ಪುಡಿ 500 ಗ್ರಾಂ, ಹುಳಿ ಪುಡಿ 500, ಬಿಸಿಬೇಳೆಬಾತ್ 250, ವಾಂಗಿಬಾತ್ 250, ಚಟ್ನಿಪುಡಿ 500, ಪುಳಿಯೋಗರೆ ಗೊಜ್ಜು 250, ಹುಣಸೆಹಣ್ಣು 250, ಇಂಗು ಒಂದು ಡಬ್ಬಿ. ಎರಡೂವರೆ ಕೆಜಿ ಚಿಲ್ಲರೆ ಆಯಿತು. ಬ್ಯಾಡಗಿ ಮೆಣಸಿನಕಾಯಿ 200 ಗ್ರಾಂ ಸೇರಿಸಿ, ಆ ಬಣ್ಣ ಅಲ್ಲಿನ ಮೆಣಸಿನಕಾಯಿಗೆ ಬರಲ್ಲ. ಸಾಸಿವೆ, ಜೀರಿಗೆ, ಅರಿಸಿನ, ಕೊತ್ತಂಬರಿ ಬೀಜ ಬೇಡ, ಎಲ್ಲ ಅಲ್ಲಿವೆ.

ಪುಡಿ ಮಾಡಿದ ದಿನವೇ ಕಟ್ಟಬೇಡಿ. ಬಿಸಿ ಇರುವಾಗ ಕಟ್ಟಿದರೆ ಒಳಗೆ ಬೆವರಿ ಗಂಟಾಗುತ್ತದೆ, ಬೂಸ್ಟು ಬರುತ್ತದೆ. ತಟ್ಟೆಯಲ್ಲಿ ಹರಡಿ ಒಂದು ರಾತ್ರಿ ಆರಲಿ. 250 ಗ್ರಾಂನ ಚಿಕ್ಕ ಪೊಟ್ಟಣ ಮಾಡಿ, ಗಾಳಿ ತೆಗೆದು ಸೀಲ್ ಮಾಡಿಸಿ, ಮೇಲೆ ಇಂಗ್ಲಿಷ್‌ನಲ್ಲಿ ಏನೆಂದು ಬರೆಯಿರಿ. ಅಕ್ಕಿ ಹಿಟ್ಟು, ಅಡುಗೆ ಸೋಡದಂಥ ಬಿಳಿ ಪುಡಿಗಳನ್ನು ಮನೆಯ ಪೊಟ್ಟಣದಲ್ಲಿ ಕಳಿಸಲೇಬೇಡಿ.

ಕಡಲಕರೆ
ಉಪ್ಪಿನಕಾಯಿ ಬಾಟಲಿ ಕತ್ತಿನ ತನಕ ಎಣ್ಣೆ ತುಂಬಿಸಿ ಕಳಿಸಿದರೆ ಬಟ್ಟೆ ಎಲ್ಲ ಹಳದಿ ಆಗ್ತದೆ. ವಿಮಾನದ ಹೊಟ್ಟೆಯಲ್ಲಿ ಗಾಳಿಯ ಒತ್ತಡ ನೆಲದಷ್ಟು ಇರುವುದಿಲ್ಲ, ಬಾಟಲಿಯೊಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸಂದಿಯಿಂದ ಹೊರಗೆ ತಳ್ಳುತ್ತದೆ. ಮೇಲಿನ ಎಣ್ಣೆ ಬಸಿದು, ಎರಡು ಬೆರಳಿನಷ್ಟು ಜಾಗ ಬಿಟ್ಟು, ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿ ಮುಚ್ಚಳ ತಿರುಗಿಸಿ, ಟೇಪ್ ಸುತ್ತಿ, ಎರಡು ಕವರಿನೊಳಗೆ ಇಡಿ. ಗಾಜಿನ ಬಾಟಲಿ ಬೇಡ. ಕೈಚೀಲದಲ್ಲಂತೂ ಇಡಲೇಬಾರದು, ಸೆಕ್ಯೂರಿಟಿಯಲ್ಲಿ ತೆಗೆಸುತ್ತಾರೆ.

ಅಕ್ಕಿ 5 ಕೆಜಿ ಯಾಕೆ? ಎಲ್ಲ ಕಡೆ ಬಾಸ್ಮತಿ ಉಂಟು, ಏಷ್ಯನ್ ಅಂಗಡಿಯಲ್ಲಿ ಸೋನಾ ಮಸೂರಿಯೂ ಸಿಗ್ತದೆ. ಮಸೂರ್ ಬೇಳೆ ಸಾಮಾನ್ಯ ಸೂಪರ್‌ಮಾರ್ಕೆಟಿನಲ್ಲೇ ಇರ್ತದೆ. ಮೊದಲ ಮೂರು ದಿನಕ್ಕೆ ಅಂತ ಅರ್ಧ ಕೆಜಿ ಅಕ್ಕಿ, ಕಾಲು ಕೆಜಿ ತೊಗರಿಬೇಳೆ, ಒಂದು ಪ್ಯಾಕೆಟ್ ಗೊಜ್ಜವಲಕ್ಕಿ ಸಾಕು.

ಹಳೇಪೇಟೆ
ಕುಕ್ಕರ್ ವಿಷಯಕ್ಕೆ ಬರೋಣ. 5 ಲೀಟರ್ ಒಬ್ಬನಿಗೆ ಅತಿಯಾಯಿತು. 2 ಅಥವಾ 3 ಲೀಟರ್ ಸಾಕು. ಕೊಳ್ಳುವ ಮುಂಚೆ ಹಾಸ್ಟೆಲ್ ಒಲೆ ಯಾವುದು ಅಂತ ಕೇಳಿ. ಗಾಜಿನ ಮೇಲ್ಮೈ ಇದ್ದ ಮಾತ್ರಕ್ಕೆ ಇಂಡಕ್ಷನ್ ಅಲ್ಲ. ಒಳಗೆ ಕೆಂಪಗೆ ಕಾಯುವ ಸುರುಳಿ ಇರುವ ಗಾಜಿನ ಒಲೆಗಳೇ ಅಲ್ಲಿ ಬಹಳ. ಅದಕ್ಕೆ ತಳ ಚಪ್ಪಟೆಯಾಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ನಡೆಯುತ್ತದೆ. ಇಂಡಕ್ಷನ್ ಆದರೆ ನಡೆಯುವುದಿಲ್ಲ, ತಳಕ್ಕೆ ಅಯಸ್ಕಾಂತ ಅಂಟಬೇಕು. ಎರಡಕ್ಕೂ ಆಗುವ ಹಾಗೆ ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಕೊಟ್ಟರೆ ಚಿಂತೆ ಇಲ್ಲ.

ಜೊತೆಗೆ ಗ್ಯಾಸ್ಕೆಟ್ ಎರಡು, ಸೇಫ್ಟಿ ವಾಲ್ವ್ ಎರಡು. ನಮ್ಮ ಕಂಪನಿಗಳ ಅಳತೆಯ ಗ್ಯಾಸ್ಕೆಟ್ ಅಲ್ಲಿ ಮೂಲೆ ಅಂಗಡಿಯಲ್ಲಿ ಸಿಗಲ್ಲ. ಗ್ಯಾಸ್ಕೆಟ್ ಸಡಿಲವಾದರೆ ಕುಕ್ಕರ್ ಬರೀ ಪಾತ್ರೆ ಅಷ್ಟೇ.

ಸಾಲುಮರ
ಕುಕ್ಕರ್ ಒಳಗೆ ಮಸಾಲೆ ಪ್ಯಾಕೆಟ್ ತುಂಬಿದರೆ ಜಾಗ ಉಳಿಯುತ್ತೆ.

ಹಳೇಪೇಟೆ
ಬೇಡ. ದಪ್ಪ ಲೋಹದೊಳಗೆ ಒತ್ತಾಗಿ ತುಂಬಿದ ಪುಡಿ ಎಕ್ಸ್‌ರೇಯಲ್ಲಿ ಒಂದೇ ಕಪ್ಪು ಮುದ್ದೆಯಾಗಿ ಕಾಣುತ್ತದೆ, ಬ್ಯಾಗು ಬಿಚ್ಚುತ್ತಾರೆ. ಸಾಕ್ಸ್, ಒಳಉಡುಪು ತುಂಬಿ, ಮುಚ್ಚಳ ಹಾಕದೆ ಪಕ್ಕಕ್ಕಿಟ್ಟು, ಸೂಟ್‌ಕೇಸಿನ ಮೇಲ್ಭಾಗದಲ್ಲೇ ಇಡಿ. ವಿಸಿಲ್ ತೂಕವನ್ನು ಮರೆತು ಕೈಚೀಲಕ್ಕೆ ಹಾಕಬೇಡಿ.

ನೀಲಿಛತ್ರಿ
ಮಿಕ್ಸಿ ಬಿಡಿ. ವೋಲ್ಟೇಜ್ ಸಮಸ್ಯೆ ಇಲ್ಲ, ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಸಮಸ್ಯೆ ತೂಕ ಮತ್ತು ಶಬ್ದ. ಜಾರ್ ಸೇರಿ 4-5 ಕೆಜಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಭಾನುವಾರ ಇಡೀ ದಿನ, ಶಾಂತಿ ಕಾಪಾಡಬೇಕಾದ ವೇಳೆ ಅಲ್ಲಿ. ಬೆಳಿಗ್ಗೆ 5ಕ್ಕೆ ಚಟ್ನಿ ರುಬ್ಬಿದರೆ ಪಕ್ಕದ ರೂಮಿನವರು ದೂರು ಕೊಡುತ್ತಾರೆ. ಚಿಕ್ಕ ಜಾರಿನ ಬ್ಲೆಂಡರ್ ಅಲ್ಲೇ ಸಿಗುತ್ತದೆ.

ಪ್ಲಗ್: ನಮ್ಮ ಮೂರು ಪಿನ್ನು ಅಲ್ಲಿ ಕೂರಲ್ಲ. ದುಂಡನೆಯ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ನೇರ ಕೂರುತ್ತದೆ. ಲ್ಯಾಪ್‌ಟಾಪ್‌ಗೆ ಬೇಕಾದ್ದು ಅಡಾಪ್ಟರ್ ಮಾತ್ರ, ಎರಡು ಇಡಿ. ಇಲ್ಲಿಂದ ಎಕ್ಸ್‌ಟೆನ್ಶನ್ ಬೋರ್ಡ್ ಒಯ್ದು ಅದಕ್ಕೆ ಕೆಟಲ್, ಹೀಟರ್ ಹಾಕುವ ಅಭ್ಯಾಸ ಅಪಾಯ. ಅಗ್ಗದ ಅಡಾಪ್ಟರ್‌ಗಳಲ್ಲಿ ಅರ್ಥಿಂಗ್ ಇರುವುದೇ ಇಲ್ಲ.

ಪವರ್ ಬ್ಯಾಂಕ್ ಚೆಕ್-ಇನ್‌ನಲ್ಲಿ ಇಡುವಂತಿಲ್ಲ, ಕೈಚೀಲದಲ್ಲೇ. 100 ವ್ಯಾಟ್-ಅವರ್ ಒಳಗಿರಬೇಕು. 20,000 ಎಂಎಎಚ್‌ನದು 74 ಆಗುತ್ತದೆ, ಸರಿ. ಅಳಿಸಿಹೋದ ಲೇಬಲ್ ಇದ್ದರೆ ಬಿಡಲ್ಲ. ಕೆಲವು ವಿಮಾನಗಳಲ್ಲಿ ಒಂದಕ್ಕಿಂತ ಹೆಚ್ಚು ಒಯ್ಯುವಂತಿಲ್ಲ, ಹಾರಾಟದಲ್ಲಿ ಬಳಸುವಂತೆಯೂ ಇಲ್ಲ.

ಕುಂದಾನಗರಿ
ಒಗ್ಗರಣಿ ಬಗ್ಗೆನೂ ಹೇಳ್ರಿ. ರೂಮಿನ್ಯಾಗ ಹೊಗಿ ಪತ್ತೆ ಮಾಡೋ ಅಲಾರಂ ಇರ್ತಾವ. ಮೆಣಸಿನಕಾಯಿ ಸುಟ್ಟು ಅಲಾರಂ ಹೊಡದು ಅಗ್ನಿಶಾಮಕದವ್ರು ಬಂದ್ರ ಅದರ ಬಿಲ್ಲು ಹುಡುಗನ ತಲಿಗೆ ಬರಬಹುದು. ಕಿಡಕಿ ತೆರೆದು, ಅಡಗಿಮನಿ ಬಾಗಿಲಾ ಹಾಕ್ಕೊಂಡು ಒಗ್ಗರಣಿ ಹಾಕಬೇಕು.

ತುಂಗಾತೀರ
ರಗ್ಗು, ಜಾಕೆಟ್? ಚಳಿ ಅಂತ ಅಮ್ಮನಿಗೆ ಬಹಳ ಭಯ.

ರಾಗಿಕಣ
ರಗ್ಗು ಬೇಡ. ರೂಮುಗಳಲ್ಲಿ ಹೀಟರ್ ಇದೆ. ಅಲ್ಲಿನ ಹೊದಿಕೆಯ ಅಳತೆ 135×200, ದಿಂಬು 80×80 ಸೆಂಟಿಮೀಟರ್, ಹಾಸಿಗೆ ಸಾಮಾನ್ಯವಾಗಿ 90×200. ನಮ್ಮ ದಿಂಬಿನ ಕವರ್ ಅದಕ್ಕೆ ಆಗೋದೇ ಇಲ್ಲ. ಹಾಸ್ಟೆಲ್‌ನಲ್ಲಿ ಮಂಚ, ಹಾಸಿಗೆ ಕೊಟ್ಟರೂ ಹೊದಿಕೆ, ದಿಂಬು ಕೊಡದಿರುವುದು ಹೆಚ್ಚು. ಒಂದು ತೆಳು ಬೆಡ್‌ಶೀಟ್, ಒಂದು ಶಾಲು ಹಾಕಿ, ಮೊದಲ ರಾತ್ರಿಗೆ ಆಗುತ್ತದೆ.

ಬಟ್ಟೆ ಪದರ ಪದರವಾಗಿ. ಒಳಗೆ ಥರ್ಮಲ್ (2 ಜೊತೆ), ನಡುವೆ ಫ್ಲೀಸ್ ಅಥವಾ ಸ್ವೆಟರ್ (2), ಹೊರಗೆ ಗಾಳಿ-ಮಳೆ ತಡೆಯುವ ಟೋಪಿಯ ಜಾಕೆಟ್. ಅಕ್ಟೋಬರ್‌ಗೆ ಇದು ಸಾಕು. ಡಿಸೆಂಬರ್‌ನ ದಪ್ಪ ಜಾಕೆಟ್ ಅಲ್ಲಿ ಕೊಳ್ಳಲಿ, ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲೂ ಒಳ್ಳೆಯದು ಸಿಗುತ್ತದೆ. ಬೆಂಗಳೂರಲ್ಲಿ ‘ಸ್ನೋ ಜಾಕೆಟ್’ ಅಂತ ಮಾರುವ ಎಷ್ಟೋ ಮಾಲು ಗಾಳಿ ತಡೆಯಲ್ಲ. ಅತಿ ಭಾರದ ಶೂ, ಜಾಕೆಟ್ ಮೈಮೇಲೆ ಹಾಕಿಕೊಂಡೇ ವಿಮಾನ ಹತ್ತಲಿ, ತೂಕ ಉಳಿಯುತ್ತದೆ. ಕಾಟನ್ ಸಾಕ್ಸ್ ಒದ್ದೆಯಾದರೆ ಒಣಗಲ್ಲ, ಉಣ್ಣೆ ಮಿಶ್ರಣದ್ದು ನಾಲ್ಕು ಜೊತೆ ಇರಲಿ.

ಕನ್ನಡಕ ಇದ್ದರೆ ಹೆಚ್ಚಿನ ಒಂದು ಜೊತೆ ಇಲ್ಲೇ ಮಾಡಿಸಿ. ಅಲ್ಲಿ ದುಬಾರಿ.

ಕಡಲಕರೆ
ನವೆಂಬರ್ 1ಕ್ಕೆ ರಾಜ್ಯೋತ್ಸವಕ್ಕೆ ಹೋಗುವುದಾದರೆ ಒಂದು ಪಂಚೆ, ಒಂದು ಜುಬ್ಬಾ. ಅದು ಅಲ್ಲಿ ಸಿಗುವುದಿಲ್ಲ.

ನೀಲಿಛತ್ರಿ
ಕಾಗದಪತ್ರ. ಇವು ಕೈಚೀಲದಲ್ಲಿ, ಒಂದೇ ಫೈಲ್‌ನಲ್ಲಿ: ಪಾಸ್‌ಪೋರ್ಟ್, ಪ್ರವೇಶ ಪತ್ರ, ಬ್ಲಾಕ್ಡ್ ಅಕೌಂಟ್ (ಖರ್ಚಿನ ದುಡ್ಡು ಮೊದಲೇ ಕಟ್ಟಿಟ್ಟು ತಿಂಗಳಿಗಿಷ್ಟೇ ಅಂತ ತೆಗೆಯಬಹುದಾದ ಖಾತೆ) ದೃಢೀಕರಣ, ವಿಮೆ, ಎಪಿಎಸ್ ಪ್ರಮಾಣಪತ್ರ (ಇಲ್ಲಿನ ಡಿಗ್ರಿ, ಅಂಕಪಟ್ಟಿ ಅಸಲಿ ಅಂತ ಜರ್ಮನಿಯ ಕಡೆಯವರು ಪರಿಶೀಲಿಸಿ ಕೊಡುವುದು), ಡಿಗ್ರಿ ಮತ್ತು ಅಂಕಪಟ್ಟಿಗಳ ಮೂಲಪ್ರತಿ, ಬಾಡಿಗೆ ಒಪ್ಪಂದ, 35×45 ಮಿಮೀ ಬಯೋಮೆಟ್ರಿಕ್ ಫೋಟೋ ಎಂಟು. ಪ್ರತಿಯೊಂದರ ಎರಡು ಜೆರಾಕ್ಸ್ ಚೆಕ್-ಇನ್ ಬ್ಯಾಗಿನಲ್ಲಿ. ಸ್ಕ್ಯಾನ್ ಮಾಡಿದ್ದು ಮೇಲ್‌ನಲ್ಲಿ.

ಅಪೊಸ್ಟಿಲ್ (ಕಾಗದಪತ್ರ ವಿದೇಶದಲ್ಲಿ ನಡೆಯಲಿ ಅಂತ ಸರ್ಕಾರ ಹಾಕುವ ದೃಢೀಕರಣ ಮುದ್ರೆ) ಮಾಡಿಸಿ ಅಂತ ಏಜೆಂಟರು ದುಡ್ಡು ಕೇಳಿದರೆ ಕೊಡಬೇಡಿ. ಭಾರತ 2005ರಲ್ಲಿ ಅಪೊಸ್ಟಿಲ್ ಒಪ್ಪಂದ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತು. ಹಾಗಾಗಿ ಇಲ್ಲಿನ ಅಪೊಸ್ಟಿಲ್‌ಗೆ ಅಲ್ಲಿ ಬೆಲೆ ಇಲ್ಲ.

ರಸಬಾಳೆ
ದುಡ್ಡಿನ ಬಗ್ಗೆ ಸೇರಿಸುತ್ತೇನೆ. ಬ್ಲಾಕ್ಡ್ ಅಕೌಂಟ್‌ನ 11,904 ಯೂರೋ (2024ರ ಸೆಪ್ಟೆಂಬರ್‌ನಿಂದ ಇದೇ ಮೊತ್ತ) ಒಮ್ಮೆಲೇ ಬರಲ್ಲ, ತಿಂಗಳಿಗೆ 992. ಅದೂ ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ. ಎಷ್ಟೋ ಬ್ಯಾಂಕುಗಳು ಖಾತೆಗೆ ವಿಳಾಸ ನೋಂದಣಿ ಕೇಳುತ್ತವೆ. ಮನೆ ಸೇರಿದ ಎರಡು ವಾರದೊಳಗೆ ಆ ನೋಂದಣಿ ಮಾಡಿಸಬೇಕು, ಅದಕ್ಕೆ ಹಾಸ್ಟೆಲ್‌ನವರು ಸಹಿ ಹಾಕಿದ ಪತ್ರ ಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ತಡವಾದರೂ ತಿಂಗಳು ಕಳೆಯುತ್ತದೆ. ಅಷ್ಟರಲ್ಲಿ ಬಾಡಿಗೆ, ಠೇವಣಿ, ಸೆಮಿಸ್ಟರ್ ಶುಲ್ಕ ಎಲ್ಲ ಬರುತ್ತವೆ. ಫಾರೆಕ್ಸ್ ಕಾರ್ಡ್‌ನಲ್ಲಿ 1,500 ಯೂರೋ, ನೋಟು 300, ಅದೂ 10, 20, 50ರ ನೋಟು.

ಇಲ್ಲಿನ ಸಿಮ್‌ಗೆ ರೋಮಿಂಗ್ ಹೊರಡುವ ಮುಂಚೆಯೇ ಹಾಕಿಸಿ. ಒಟಿಪಿ ಬರದಿದ್ದರೆ ಕಾರ್ಡ್ ಇದ್ದೂ ಇಲ್ಲದ ಹಾಗೆ.

ಸಾಲುಮರ
ಔಷಧಿ? ಆಂಟಿಬಯಾಟಿಕ್ ಒಂದು ಡಬ್ಬಿ ಇಡೋದಲ್ವಾ?

ರಾಗಿಕಣ
ದಿನಾ ತಗೊಳ್ಳುವ ಔಷಧಿ ಇದ್ದರೆ ಮೂರು ತಿಂಗಳಿಗೆ ಮೀರದಷ್ಟು, ಡಾಕ್ಟರ ಚೀಟಿಯ ಜೊತೆ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಲ್ಲ, ಔಷಧಿಯ ಮೂಲ ಹೆಸರು ಟೈಪ್ ಆಗಿರಬೇಕು. ಡೋಲೋ ಅಂದರೆ ಅಲ್ಲಿ ಯಾರಿಗೂ ತಿಳಿಯಲ್ಲ, ಪ್ಯಾರಾಸಿಟಮಾಲ್ ಅಂದರೆ ಫಾರ್ಮಸಿಯಲ್ಲಿ ಚೀಟಿ ಇಲ್ಲದೆಯೂ ಕೊಡುತ್ತಾರೆ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ದುಬೈ ಮೇಲೆ ಒಯ್ಯಲೇಬೇಡಿ. ಆಂಟಿಬಯಾಟಿಕ್ ಅಂದಾಜಿನ ಮೇಲೆ ನುಂಗುವುದೇ ತಪ್ಪು, ವಿಮೆ ಇದೆ, ಡಾಕ್ಟರ ಹತ್ತಿರ ಹೋಗಲಿ.

ಕುಂದಾನಗರಿ
ಮೊಸರಿಗೆ ಹೆಪ್ಪು ಹ್ಯಾಂಗ ಒಯ್ಯೂದು?

ಕಡಲಕರೆ
ಒಯ್ಯುವುದು ಬೇಡ, ಹಾಲಿನ ಪದಾರ್ಥ ಅಲ್ವಾ. ಅಲ್ಲಿನ ಸಾದಾ ಯೋಗರ್ಟಿನ ಒಂದು ಚಮಚವೇ ಹೆಪ್ಪು.

ಇಡ್ಲಿ ಹಿಟ್ಟು ಹುದುಗುವುದೇ ಕಷ್ಟ. ಅಕ್ಟೋಬರಿನಲ್ಲಿ ಅಡುಗೆಮನೆ ತಣ್ಣಗಿರ್ತದೆ. ಓವನ್ ಒಳಗೆ ಹಿಟ್ಟಿಟ್ಟು ದೀಪ ಮಾತ್ರ ಹಾಕಿ 12ರಿಂದ 14 ಗಂಟೆ ಬಿಡಬೇಕು. 50 ಡಿಗ್ರಿಗೆ ತಿರುಗಿಸಿದರೆ ಹುದುಗಿಸುವ ಜೀವಾಣುಗಳು ಸಾಯುತ್ತವೆ, ಹಿಟ್ಟು ಅಂಚಿನಲ್ಲಿ ಬೇಯುತ್ತದೆ. ಅಕ್ಕಿಗೆ ಅಲ್ಲಿ ಪಾಯಸಕ್ಕೆ ಬಳಸುವ ಗುಂಡಕ್ಕಿ ‘ಮಿಲ್ಶ್‌ರೈಸ್’ ಅಗ್ಗ, ಇಡ್ಲಿ-ದೋಸೆಗೆ ಒಳ್ಳೆಯದಾಗ್ತದೆ. ಉದ್ದಿನಬೇಳೆ ಏಷ್ಯನ್ ಅಂಗಡಿಯಿಂದ, ಮೆಂತ್ಯ ಅರ್ಧ ಚಮಚ ಜಾಸ್ತಿ.

ಸಾಲುಮರ
ಮಿಕ್ಸಿ ಬೇಡ ಅಂದಿರಿ, ಈಗ ದೋಸೆ ಹಿಟ್ಟು ಹೇಳಿಕೊಡ್ತಿದ್ದೀರಿ!

ಕಡಲಕರೆ
ಬೇಡ ಅಂದದ್ದು ನೀಲಿಛತ್ರಿಯವರು. ನನ್ನ ಪ್ರಕಾರ ಎರಡನೇ ಸೆಮಿಸ್ಟರಿಗೆ ಊರಿಗೆ ಬಂದು ಹೋಗುವಾಗ ಒಯ್ಯಲಿ. ಈ ಸಲ ಅವನಿಗೆ ಹೊರಲು ಬೇರೆ ಬೇಕಾದಷ್ಟು ಉಂಟು.

ತುಂಗಾತೀರ
ಹಾಸ್ಟೆಲ್‌ನಿಂದ ಉತ್ತರ ಬಂತು. ಶುಕ್ರವಾರ ಮಧ್ಯಾಹ್ನದ ನಂತರ ಕೀ ಕೊಡಲ್ವಂತೆ, ಆಮೇಲೆ ಸೋಮವಾರವೇ. ಟಿಕೆಟ್ ಸೆಪ್ಟೆಂಬರ್ 30, ಬುಧವಾರಕ್ಕೆ ಬದಲಿಸಿದೆವು, ಬೆಳಿಗ್ಗೆ ಇಳಿಯುತ್ತಾನೆ. ಆದರೆ ಒಪ್ಪಂದ ಅಕ್ಟೋಬರ್ 1ರಿಂದ. ಒಂದು ರಾತ್ರಿ ಏನು ಮಾಡೋದು?

ನೀಲಿಛತ್ರಿ
ಕೆಮ್ನಿಟ್ಸ್‌ನಲ್ಲೇ ಒಂದು ರಾತ್ರಿಗೆ ಯೂತ್ ಹಾಸ್ಟೆಲ್ ಅಥವಾ ಸಣ್ಣ ಹೋಟೆಲ್ ಈಗಲೇ ಕಾಯ್ದಿರಿಸಿ. ರದ್ದು ಮಾಡಬಹುದಾದ ಬುಕಿಂಗ್ ಆಗಿರಲಿ. 1ನೇ ತಾರೀಕು ಬೆಳಿಗ್ಗೆ ಹೌಸ್‌ಮೈಸ್ಟರ್ ಕಚೇರಿ ತೆರೆಯುವ ಹೊತ್ತಿಗೆ ಒಪ್ಪಂದದ ಪ್ರಿಂಟ್ ಹಿಡಿದು ನಿಲ್ಲಲಿ. ರೂಮು ಒಪ್ಪಿಸುವಾಗ ಒಂದು ಫಾರಂ ತುಂಬಿಸುತ್ತಾರೆ. ಗೋಡೆಯ ಕಲೆ, ಒಡೆದ ಗಾಜು, ಕೆಟ್ಟ ಬಲ್ಬು ಏನಿದ್ದರೂ ಅದರಲ್ಲಿ ಬರೆಸಿ, ಫೋಟೋ ತೆಗೆದುಕೊಳ್ಳಲಿ. ಬರೆಸದ ಹಾನಿ ಖಾಲಿ ಮಾಡುವಾಗ ಠೇವಣಿಯಿಂದ ಕಡಿತವಾಗುತ್ತದೆ.

ರಾಗಿಕಣ
ಹೊರಡುವ ಹಿಂದಿನ ರಾತ್ರಿ ಕೊಕ್ಕೆ ತಕ್ಕಡಿಯಲ್ಲಿ ತೂಗಿ ಒಟ್ಟು 29ಕ್ಕೆ ನಿಲ್ಲಿಸಿ. ಕೌಂಟರಿನ ತಕ್ಕಡಿ ಮನೆಯದಕ್ಕಿಂತ ಅರ್ಧ ಕೆಜಿ ಆಚೀಚೆ ತೋರಿಸುವುದುಂಟು. ಹೆಚ್ಚಾದರೆ ಮೊದಲು ತೆಗೆಯುವ ಪೊಟ್ಟಣ ಯಾವುದು ಅಂತ ಅಮ್ಮನೂ ಅವನೂ ಮಾತಾಡಿಕೊಂಡು ಅದನ್ನು ಮೇಲೆಯೇ ಇಟ್ಟಿರಲಿ.

ತುಂಗಾತೀರ
ಅಕ್ಕಿ ಅಂತ ತೀರ್ಮಾನವಾಯಿತು. ಉಪ್ಪಿನಕಾಯಿಗೆ ಮಾತ್ರ ಅಮ್ಮ ಒಪ್ಪುತ್ತಿಲ್ಲ.

ರಸಬಾಳೆ
ಉಪ್ಪಿನಕಾಯಿ ಇರಲಿ ಬಿಡಿ. ಎಣ್ಣೆ ಬಸಿದು, 300 ಗ್ರಾಂ.